ದೇವೇಂದ್ರ ಹಿಡಿದ ಕೊರವ

ಮಗಳನ್ನು ನೋಡಲು ಬರುತ್ತೇನೆಂದು ನನ್ನ ತಮ್ಮ ದೇವೇಂದ್ರ ಫೋನು ಮಾಡಿದ್ದ. ಕಾರಿನಿಂದ ಮೊದಲು ಇಳಿದದ್ದು ಗಾಳದ ಕೋಲು. ಅದಕ್ಕೊಂದು ಝಿಪ್ಪಿನ ಚೀಲ ಬೇರೆ! ಮಗಳಿಗೆ ಒಂದು ಬಿಸ್ಕತ್ತಿನ ಪೊಟ್ಟಣವೂ ಇರಲಿಲ್ಲ.

ಹೆಂಡತಿ ತೀರಿಕೊಂಡ ವರ್ಷವೇ ಮತ್ತೊಂದು ಮದುವೆಯಾಗಿ, ಇನ್ನೂ ತೊದಲುತ್ತಿದ್ದ ರಕ್ಷಾಳನ್ನು ಜಾವಳಿಯ ನಮ್ಮ ತೋಟಕ್ಕೆ ತಂದು ನನ್ನ ಮಡಿಲಿಗೆ ಹಾಕಿಹೋದ ಮಹಾನುಭಾವ ಇವನು. ಅವಳೀಗ ಮೂರನೇ ಕ್ಲಾಸು. ಅಪ್ಪ ಬರುತ್ತಾನೆಂದು ಹೊಸ ಫ್ರಾಕು ಹಾಕಿಕೊಂಡು ಬೆಳಿಗ್ಗೆಯಿಂದ ಗೇಟಿನ ಹತ್ತಿರವೇ ಕೂತಿದ್ದಳು. ಇವತ್ತಾದರೂ ಮಗುವಿನ ಜೊತೆ ನಾಲ್ಕು ಮಾತಾಡಲಿ ಎಂದು ನಾನೂ ಹಳೇ ಜಗಳ ತೆಗೆಯಲಿಲ್ಲ.

"ಅಕ್ಕ, ಕೆರೇಲಿ ಕೊರವ ಮೀನು ಇದ್ಯಾ?" ಎಂದು ಕೇಳಿದ. ಆಹಾ, ಎಂಥ ವಾತ್ಸಲ್ಯ!

"ನಾನ್ ತೋರಿಸ್ತೀನಿ ಬನ್ನಿ ಅಪ್ಪಾಜಿ" ಎಂದು ರಕ್ಷಾ ಅವನ ಕೈ ಹಿಡಿದು ತೋಟದ ಕೆರೆಗೆ ಕರೆದೊಯ್ದಳು. ನಾನೂ ಹಿಂದೆಯೇ ಹೋದೆ. ದಡದ ಹತ್ತಿರ ಕೊರವದ ಕೆಂಪು ಮರಿಗಳ ದೊಡ್ಡ ಗುಂಪು ಉಸಿರಿಗೆಂದು ಮೇಲೆ ಬಂದು ಬಂದು, ನೀರು ಅನ್ನದ ಎಸರಿನಂತೆ ಕುದಿಯುತ್ತಿತ್ತು. ರಕ್ಷಾ ದಿನಾ ಸ್ಕೂಲಿಂದ ಬಂದು ನೋಡುತ್ತಿದ್ದದ್ದು ಇವನ್ನೇ.

"ಕೆಳಗೆ ಇವುಗಳ ಅಪ್ಪ ಅಮ್ಮ ಇಬ್ರೂ ಕಾಯ್ತಾ ಇರ್ತಾರೆ. ಕಪ್ಪೆ ಬಂದ್ರೂ ಬಿಡಲ್ಲ, ಕಚ್ಚಿ ಓಡಿಸ್ತಾರೆ" ಎಂದಳು, ಹೆಮ್ಮೆಯಿಂದ.

"ಹೌದಾ?" ಎಂದವನೇ ಗಾಳಕ್ಕೆ ಪ್ಲಾಸ್ಟಿಕ್ ಕಪ್ಪೆ ಸಿಕ್ಕಿಸಿ ಸರಿಯಾಗಿ ಮರಿಗಳ ಮೇಲೇ ಎಸೆದ.

"ಮರಿ ಕಾಯೋ ಮೀನು ಮಾರಾಯ, ಬಿಡೋ!" ಎಂದೆ. ಕೇಳುವ ಆಸಾಮಿಯೇ ಅವನು? ಕೊರವ ನುಗ್ಗಿ ಕಚ್ಚಿತು. ಹಸಿವಿಗಲ್ಲ, ಕಪ್ಪೆ ಮರಿಗಳ ಹತ್ತಿರ ಬಂತೆಂಬ ಸಿಟ್ಟಿಗೆ. ತೋಳುದ್ದದ ಮೀನು ದಡದಲ್ಲಿ ಬಾಯಿ ಬಿಡುತ್ತ ಬಿತ್ತು.

"ಏನ್ ಫೈಟ್ ಕೊಡ್ತು ಅಕ್ಕ!" ಎಂದು ಹುಲಿ ಹೊಡೆದವನ ಠೀವಿಯಲ್ಲಿ ಅದನ್ನೆತ್ತಿ ನಿಂತ. ಫೋಟೋ ತೆಗೆಯಲು ಮೊಬೈಲು ಕೊಟ್ಟದ್ದು ಯಾರ ಕೈಗೆ? ಮಗಳ ಕೈಗೆ. ಥೂ, ಅವನ ಮುಖಕ್ಕಿಷ್ಟು! ರಕ್ಷಾ ಫೋಟೋ ತೆಗೆದಳು. ಅಳಲಿಲ್ಲ.

ಮೀನನ್ನು ಡಿಕ್ಕಿಗೆ ಹಾಕಿ, ಕಾರು ಹತ್ತುವಾಗ ಅವಳ ತಲೆ ಸವರಿದ. "ಮುಂದಿನ ಭಾನುವಾರನೂ ಬರ್ತೀನಿ ಪುಟ್ಟ. ಇನ್ನೊಂದು ಇದೆಯಲ್ಲ."

"ಬರ್ಬೇಡಿ ಅಪ್ಪಾಜಿ" ಎಂದಳು ರಕ್ಷಾ. "ಆ ಮೀನಿಗೆ ಮರಿಗಳನ್ನ ಬಿಟ್ಟು ಹೋಗಕ್ಕೆ ಬರಲ್ಲ. ನೀವು ಬಂದ್ರೆ ಸಿಕ್ಕಿಬಿಡತ್ತೆ."