ಹುಸಿ ತೋಟಾ

"ಇವನಿಗೆ ಬಂದೂಕು ಯಾಕಜ್ಜಿ, ಒಂದು ಪೀಪಿ ಕೊಟ್ಟು ಕಳ್ಸು. ಊದ್ಕೊಂಡು ಕಾಡಲ್ಲಿ ಅಡ್ಡಾಡ್ಲಿ," ಎಂದ ಆರ್ವೊ.

ಜಿಂಕೆ ಬೇಟೆ ಶುರುವಾಗಲು ಆರೇ ದಿನ. ಲೆಂಪಿಯ ಬಂದೂಕಿನ ಅಂಗಡಿಯಲ್ಲಿ ತೋಟಾ ಕೊಳ್ಳಲು ನಿಂತಿದ್ದವರು ಗೊಳ್ಳೆಂದರು. ಎಲ್ಲ ವೇಡ್ ದುಡಿಯುವ ಮರದ ಮಿಲ್ಲಿನವರೇ. ವೇಡ್‌ಗೆ ಸೋದರಮಾವ ಆರ್ವೊನ ಹಲ್ಲು ಉದುರಿಸಬೇಕೆನಿಸಿತು.

ಕಳೆದ ನವೆಂಬರಿನದು ಅವನ ಮೊದಲ ಬೇಟೆ. ಆರ್ವೊ ತನ್ನದೇ ಮ್ಯಾಗ್ನಮ್ ಕೊಟ್ಟಿದ್ದ, ಹೆಗಲಿಗೆ ಕತ್ತೆಯಂತೆ ಒದೆಯುವ ಬಂದೂಕು. ಸಂಜೆ ಬರಿಗೈಯಲ್ಲಿ ಬಂದವನನ್ನು ಮಾವನ ಬೇಟೆ ಬೀಡಾರದಲ್ಲಿ ನಿಲ್ಲಿಸಿ, ಗುರಿ ತಪ್ಪಿದವರಿಗೆಲ್ಲ ಮಾಡುವಂತೆ ಅಂಗಿಯ ಹಿಂದಿನ ಚುಂಗು ಕತ್ತರಿಸಿ, ಹೆಸರು ಬರೆದು, ತೊಲೆಗೆ ಮೊಳೆ ಹೊಡೆದರು. ಅವನೂ ನಕ್ಕ. ಗುರಿ ಪೂರ್ತಿ ತಪ್ಪಿರಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತು. ಗುಂಡು ಒಂದು ಹೆಣ್ಣು ಜಿಂಕೆಯ ಹೊಟ್ಟೆಗೆ ತಾಗಿತ್ತು. ಜೌಗಿನಲ್ಲಿ ಮೂರು ಗಂಟೆ ರಕ್ತದ ಜಾಡು ಹಿಡಿದು ಅಲೆದಿದ್ದ. ಹಿಮ ಬಿದ್ದು ಜಾಡೇ ಮುಚ್ಚಿಹೋಯಿತು. ತಪ್ಪಿತು ಎಂದು ಸುಳ್ಳು ಹೇಳಿದ. ಆ ಜಿಂಕೆ ಎಲ್ಲಿ ಬಿದ್ದು ಎಷ್ಟು ಹೊತ್ತು ನರಳಿತೋ. ಇನ್ನೊಂದಕ್ಕೆ ಹಾಗಾಗುವುದಾದರೆ ಬೇಟೆಯೇ ಬೇಡ ಎಂದು ವರ್ಷವಿಡೀ ಅಂದುಕೊಂಡಿದ್ದ.

ಆದರೂ ಇಂದು ಸ್ವಂತ ಬಂದೂಕು ಕೊಳ್ಳಲು ಬಂದಾಗ, ಜನರ ಮುಂದೆ ಅವನ ಬೆರಳು ತೋರಿಸಿದ್ದು ಅಂಥದೇ ಮ್ಯಾಗ್ನಮ್ಮನ್ನು. ಹಾಳು ಮಾನ.

ಎಪ್ಪತ್ತು ದಾಟಿದ ಲೆಂಪಿ ಅದನ್ನೆತ್ತಿಕೊಂಡು, ಗುಂಡು ಹೊಡೆದು ನೋಡುವ ಹಿತ್ತಲಿನ ಗುರಿಕಟ್ಟೆಗೆ ನಡೆದಳು. ಎಲ್ಲರೂ ಹಿಂದೆಯೇ ಬಂದರು. ಅವನಿಗೆ ಬೆನ್ನು ಮಾಡಿ ತೋಟಾ ತುಂಬಿಕೊಟ್ಟಳು. ವೇಡ್ ಹೊಡೆದ ಮೊದಲೆರಡು ಸಿಡಿದವು. ಮೂರನೆಯದು ಟಿಕ್ ಎಂದಿತಷ್ಟೆ: ಅವಳು ಬೇಕೆಂದೇ ಸೇರಿಸಿದ್ದ, ಮದ್ದಿಲ್ಲದ ಹುಸಿ ತೋಟಾ. ಸಿಡಿಯದ ಬಂದೂಕಿನ ಮೂತಿ ಮಾತ್ರ ಗೇಣುದ್ದ ಕೆಳಕ್ಕೆ ಕುಕ್ಕಿತು. ವೇಡ್‌ನ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಎಲ್ಲರೂ ನೋಡಿದರು.

"ಒದೆ ಬೀಳೋಕ್ಮುಂಚೇನೇ ಬೆಚ್ತೀಯ ಮಗಾ," ಎಂದಳು ಲೆಂಪಿ. "ಅದು ನಿನ್ ತಪ್ಪಲ್ಲ. ಗೊತ್ತಾದ್ಮೇಲೂ ಇದನ್ನೇ ತಗೊಂಡ್ರೆ, ಅದು ನಿನ್ ತಪ್ಪು."

ಒಳಗಿನಿಂದ ಹಗುರವಾದ, ಅಷ್ಟಾಗಿ ಒದೆಯದ ಒಂದು ಟೂ-ಫಾರ್ಟಿ-ತ್ರೀ ತಂದಳು. ಆ ಊರಲ್ಲಿ ಹನ್ನೆರಡು ತುಂಬಿದ ಹುಡುಗಿಯರಿಗೆ ಕೊಡಿಸುವ ಬಂದೂಕು. ವೇಡ್ ಹಲ್ಲು ಕಚ್ಚಿ ಹಿಡಿದ. ಐದು ತೋಟಾಗಳಲ್ಲಿ ಯಾವುದೋ ಒಂದು ಹುಸಿ. ಅದು ಟಿಕ್ ಎಂದಾಗ ಮೂತಿ ಅಲುಗಲಿಲ್ಲ, ಕಣ್ಣು ತೆರೆದೇ ಇತ್ತು. ಉಳಿದ ನಾಲ್ಕೂ ಗುರಿಹಲಗೆಯಲ್ಲಿ ಒಂದು ಅಂಗೈಯಗಲದೊಳಗೆ ಬಿದ್ದಿದ್ದವು. ಹತ್ತಿರವಿದ್ದರೆ ಎದೆಗೆ ಹೊಡೆ, ದೂರವಿದ್ದರೆ ಬಿಟ್ಟುಬಿಡು, ಜಿಂಕೆಗೆ ಇಷ್ಟು ಸಾಕು ಎಂದಳು ಮುದುಕಿ.

ಇದನ್ನೇ ಕೊಡಿ ಎಂದ ವೇಡ್. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

ಅಂಗಡಿಯೊಳಕ್ಕೆ ಮರಳಿದಾಗ ಈ ಸಲ ಯಾರೂ ನಗಲಿಲ್ಲ. ಅದಕ್ಕೇ ಇರಬೇಕು, ಆರ್ವೊನ ಮುಖ ಕೆಂಪೇರಿತು. "ಆ ಆಟಿಕೆ ಹಿಡ್ಕೊಂಡು ನನ್ ಬೀಡಾರದ ಮೆಟ್ಲು ಹತ್ಬೇಡ. ಹೋದ್ವರ್ಷ ತಪ್ಪಿದ್ದು ನೀನು ಕಣೋ, ನನ್ ಬಂದೂಕಲ್ಲ."

ಬೀಡಾರವಿಲ್ಲದಿದ್ದರೆ ಸರ್ಕಾರಿ ಕಾಡಿನಲ್ಲಿ ಹಿಮ ಕೊರೆಯುವಾಗ ಒಬ್ಬನೇ ಕೂರಬೇಕು. ತಪ್ಪಿರಲಿಲ್ಲ, ಹೊಟ್ಟೆಗೆ ಹೊಡೆದು ಕೊಂದೆ ಎಂಬ ಮಾತು ಗಂಟಲಿಗೆ ಬಂತು. ಆ ಜಿಂಕೆಯನ್ನು ಮಾವನ ಬಾಯಿಗೆ ಎಸೆಯಲು ಮನಸ್ಸಾಗಲಿಲ್ಲ. ವೇಡ್ ದುಡ್ಡು ಕೊಟ್ಟು, ಬಂದೂಕನ್ನು ಚೀಲಕ್ಕಿಳಿಸಿ, ಮಾವನ ಪಕ್ಕದಿಂದಲೇ ಹಾದು ಬಾಗಿಲು ದಾಟಿದ.