ಭಾನುವಾರದ ಕಿಟಕಿ

ಕೈ ತಪ್ಪಿ ಹಾಗಾಯಿತೇ, ಇಲ್ಲ ತಿಳಿದೂ ತಿಳಿದೂ ತಾನೇ ಹಾಗೆ ಬರೆದನೇ? ಪಟ್ಟಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಎಲ್ಲ ಸರಿಯಾಗಿದೆ. ಅಡುಗೆಯ ಹೊತ್ತಿಗೆ ಅಡುಗೆಮನೆಯ ಕಿಟಕಿ ತೆರೆದಿದೆ. ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತ್ರ ಸೊನ್ನೆ. ಸೊನ್ನೆ ಎಂದರೆ ಮುಚ್ಚಿದೆ. ಕೈ ತಪ್ಪುವುದಿದ್ದರೆ ಎಲ್ಲಿ ಬೇಕಾದರೂ ತಪ್ಪಬಹುದಿತ್ತು. ಇಲ್ಲೇ ಏಕೆ ತಪ್ಪಿತು?

ವಸಂತ್ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕುಳಿತಿದ್ದ. ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿಯಲ್ಲಿ ಅವನ ಕಚೇರಿ. ಕಟ್ಟಡ ಏಳುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ವರ್ಷವಿಡೀ ಒಳಗೆ ಎಷ್ಟು ಸೆಕೆಯಾದೀತು, ಎಷ್ಟು ಕರೆಂಟು ಸುಟ್ಟೀತು ಎಂದು ಲೆಕ್ಕ ಹಾಕುವುದು ಅವನ ಕೆಲಸ. ಲೆಕ್ಕ ಒಪ್ಪಿಗೆಯಾದರೆ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ. ಈ ಸಲದ್ದು ಬೋಗಾದಿಯ ಬಾಡಿಗೆ ಮನೆಗಳ ಅಪಾರ್ಟ್‌ಮೆಂಟು. ಏಸಿ ಇಲ್ಲ, ಬರೀ ಕಿಟಕಿಯ ಗಾಳಿ. ಹಾಗಾಗಿ ಯಾವ ಕಿಟಕಿ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂದು ವಾರದ ಪ್ರತಿ ದಿನಕ್ಕೂ ಬರೆದುಕೊಡಬೇಕು. ಬರೆದವನು ಅವನೇ.

ಪ್ರಮಾಣಪತ್ರ ಕೊಡುವ ಮೊದಲು ಲೆಕ್ಕ ನೋಡುವ ಪರಿಶೀಲನೆಯವರು ಒಂದೇ ಪ್ರಶ್ನೆ ಕಳಿಸಿದ್ದರು. ಭಾನುವಾರ ಅಡುಗೆಮನೆಗಳೆಲ್ಲ ಮಿತಿ ಮೀರಿ ಕಾಯುತ್ತಿವೆ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿರಲು ಕಾರಣವೇನು?

"ಏನ್ರೀ ವಸಂತ್, ಭಾನ್ವಾರ ನಿಮ್ ಕಿಟ್ಕಿಗೂ ರಜಾನಾ?" ಪಕ್ಕದ ಮೇಜಿನ ಸುಷ್ಮಿತಾ ಕುರ್ಚಿ ಎಳೆದುಕೊಂಡು ಬಂದಳು. "ನಮ್ಮನೇಲಿ ಭಾನ್ವಾರಾನೇ ಕಣ್ರೀ ಎಲ್ಲಾ ತೆಗೆಯೋದು. ನಮ್ಮಜ್ಜಿ ಮಟನ್ ಸಾರಿಗೆ ಮಸಾಲೆ ಹುರಿದ್ರೆ ಇಡೀ ಬನ್ನಿಮಂಟಪಕ್ಕೆ ಗೊತ್ತಾಗ್ಬೇಕು. ಇಲ್ದಿದ್ರೆ ಅವ್ಳಿಗೆ ತಿಂದಂಗೇ ಇರಲ್ಲ."

ವಸಂತ್ ನಕ್ಕ. ನಗುವುದು ಸುಲಭವಾಗಿತ್ತು.

ಅವನ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ. ಅದನ್ನು ಬಾಡಿಗೆಗೆ ಕೊಡಿಸಿದವರು ಕಚೇರಿಯ ಯಜಮಾನರಾದ ಶಿವರಾಮು. ಕೆಳಗಿನ ಮನೆಯಲ್ಲೇ ಇರುವ ಒಡತಿ ಪ್ರೇಮಲೀಲಾ, ಶಿವರಾಮು ಅವರ ನೆಂಟರು. ಮನೆ ನೋಡಲು ಹೋದ ದಿನ ಪ್ರೇಮಲೀಲಾ ನಗುತ್ತಲೇ, "ನೀವು ಮನೇಲಿ ಊಟಕ್ಕೆ..." ಎಂದು ಅರ್ಧಕ್ಕೇ ನಿಲ್ಲಿಸಿದ್ದರು. ವಸಂತ್ ಬಾಯಿ ತೆರೆಯುವ ಮೊದಲೇ ಅವನ ತಾಯಿ ಸೋಮಮ್ಮ, "ನಮ್ದು ಸೊಪ್‌ಸಾರೇ ಕಣಮ್ಮ" ಎಂದುಬಿಟ್ಟಿದ್ದಳು.

ಅಂದಿನಿಂದ ಭಾನುವಾರ ಅವನು ಬೋಟಿಯನ್ನೋ ಒಣಮೀನನ್ನೋ ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಂಡು ತರುತ್ತಾನೆ. ಸೋಮಮ್ಮ ಮೊದಲು ಕಿಟಕಿ ಮುಚ್ಚುತ್ತಾಳೆ, ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕುತ್ತಾಳೆ, ಆಮೇಲೆ ಒಲೆ ಹಚ್ಚುತ್ತಾಳೆ. ಹೊರಗೆ ಬರುವಾಗ ಸೆರಗೆಲ್ಲ ಬೆವರು, ಕಣ್ಣು ಕೆಂಪು. "ಒಸಿ ಕಿಟ್ಕಿ ತೆಗಿಯವ್ವಾ" ಎಂದರೆ, "ಆಮೇಲ್ ಮನೆ ಉಡುಕ್ಕೊಂಡ್ ನೀ ಅಲೀತೀಯಾ?" ಎನ್ನುತ್ತಿದ್ದಳು. ಈಚೆಗೆ ಅವನು ಕೇಳುವುದೂ ಇಲ್ಲ, ಅವಳು ಹೇಳುವುದೂ ಇಲ್ಲ. ಇಬ್ಬರೂ ಫ್ಯಾನಿನ ಕೆಳಗೆ ಕುಳಿತು ಉಣ್ಣುತ್ತಾರೆ.

ಶಿವರಾಮು ನಕ್ಷೆ ಹಿಡಿದುಕೊಂಡು ಬಂದರು. ಅದರಲ್ಲಿ ಪ್ರತಿ ಅಡುಗೆಮನೆಯ ಮಗ್ಗುಲಲ್ಲೂ ಒಂದು ಕಿರಿದಾದ ಖಾಲಿ ಜಾಗವಿತ್ತು. ಒಂದೊಂದು ಮನೆಗೆ ಒಂದೊಂದು ಗಾಳಿಕೊಳವೆ ಇರಲಿ ಎಂದು ಆರ್ಕಿಟೆಕ್ಟ್ ಬಿಟ್ಟ ಜಾಗ. ಕೊಳವೆಯಿದ್ದರೆ ಕಿಟಕಿ ಮುಚ್ಚಿದ್ದರೂ ಬಿಸಿ, ಹೊಗೆ, ವಾಸನೆ ಎಲ್ಲ ತಾರಸಿಯ ಮೇಲಕ್ಕೆ ಹೋಗುತ್ತದೆ, ಪಕ್ಕದ ಮನೆಯವರ ಮೂಗಿಗೆ ಸಿಗುವುದಿಲ್ಲ. ಕಟ್ಟಿಸುವವರಿಗೆ ಅಲ್ಲಿ ಕಪಾಟು ಬೇಕಾಗಿತ್ತು.

"ನೋಡಪ್ಪಾ ವಸಂತ, ಇರೋದು ಎರಡೇ ದಾರಿ. ಕಿಟಕಿ ಮುಚ್ಚೋಕೆ ಕಾರಣ ಇದ್ರೆ ಬರಿ. ಕೊಳವೆ ಹಾಕ್ಸಲೇಬೇಕು ಅಂತ ಅವರ ಹತ್ರ ನಾನೇ ಜಗಳ ಆಡ್ತೀನಿ. ಇಲ್ಲಾ, ತಪ್ಪಾಗಿದೆ ಅಂತ ತಿದ್ದಿ ಕಳಿಸ್ಬುಡು, ಕಪಾಟು ಮಾಡ್ಕೊಳ್ಳಿ. ಸಂಜೆ ಒಳಗೆ ಉತ್ತರ ಹೋಗ್ಬೇಕು."

ಹೋಗಲು ತಿರುಗಿದವರು ನಿಂತರು. ಕುಹಕವೇನೂ ಇಲ್ಲದೆ, ತಿಳಿಯಬೇಕೆಂದೇ ಕೇಳಿದರು: "ಅಲ್ಲಾ ಕಣಯ್ಯಾ, ಒಲೆ ಮುಂದೆ ನಿಂತ್ಕೊಂಡು ಯಾರಾದ್ರೂ ಕಿಟಕಿ ಮುಚ್ತಾರಾ?"

ಮುಚ್ತಾರೆ ಸರ್. ಅಷ್ಟೇ ಸಾಕಾಗಿತ್ತು. ಆದರೆ ಅದರ ಹಿಂದೆಯೇ ಯಾರು ಎಂಬ ಮಾತು ಬರುತ್ತದೆ, ಅದರ ಹಿಂದೆ ಯಾಕೆ ಎಂಬುದು. ಹೇಳಿದ ಮೇಲೆ ಶಿವರಾಮು ಒಳ್ಳೆಯವರಾಗಿಯೇ ಇರುತ್ತಾರೆ, ಸ್ವಲ್ಪ ಹೆಚ್ಚೇ ಒಳ್ಳೆಯವರಾಗುತ್ತಾರೆ. ಆ ಮಾತು ಯಾವಾಗಲೋ ಒಂದು ದಿನ ನೆಂಟರ ಮನೆಯ ಕಾಫಿಯ ಜೊತೆ ಪ್ರೇಮಲೀಲಾ ಅವರನ್ನು ತಲುಪುತ್ತದೆ. ಅವ್ವನಿಗೆ ಈಗ ಹೊಸ ಮನೆ ಹುಡುಕಿ ತಿರುಗುವ ಶಕ್ತಿಯಿಲ್ಲ. ಅವನು ಪರದೆಯ ಮೇಲಿನ ಭಾನುವಾರದ ಸಾಲನ್ನು ಮೇಲಕ್ಕೂ ಕೆಳಕ್ಕೂ ಜರುಗಿಸಿದ.

"ಕಾಪಿ ಪೇಸ್ಟ್ ಮಾಡೋವಾಗ ಆಗಿರುತ್ತೆ ಸರ್," ಸುಷ್ಮಿತಾ ಮಧ್ಯೆ ಬಂದಳು. "ಬೆಡ್‌ರೂಮಿಂದು ಅಡುಗೆಮನೇಗ್ ಬಂದ್ಬುಟ್ಟಿದೆ. ನನಗೂ ಒಂದ್ಸಲ ಹಿಂಗೇ ಆಗಿತ್ತು."

"ಹೌದೇನೋ?"

"ಹೂಂ ಸರ್," ಎಂದ ವಸಂತ್.

ತಿದ್ದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾನುವಾರವೂ ಕಿಟಕಿ ತೆರೆಯಿತು, ಅಡುಗೆಮನೆಗಳು ತಣ್ಣಗಾದವು, ಲೆಕ್ಕ ಮಿತಿಯೊಳಗೆ ಬಂತು. ಶಿವರಾಮು ಕೊಳವೆಯ ಜಾಗಕ್ಕೆ ಅಡ್ಡಗೆರೆ ಎಳೆದು ಕಪಾಟು ಎಂದು ಬರೆದರು.

"ಬದುಕ್ಸಿದೀನಿ ನೋಡ್ರೀ, ಟೀ ಕೊಡ್ಸಿ," ಎಂದಳು ಸುಷ್ಮಿತಾ. ಕೊಡಿಸಿದ. ಅಂಗಡಿಯ ಮುಂದೆ ನಿಂತು ಅವಳು ಮುಂದಿನ ಕಟ್ಟಡದ ಕಷ್ಟಗಳನ್ನು ಹೇಳುತ್ತ ಹೋದಳು, ಅವನು ತಲೆಯಾಡಿಸುತ್ತ ಕೇಳಿದ.

ಅದು ತಪ್ಪಲ್ಲ, ನಮ್ಮವ್ವ ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡುತ್ತಾಳೆ, ಆ ಕೊಳವೆ ಬೇಕಾಗಿತ್ತು ಎಂದು ವಸಂತ್ ಅವಳಿಗೆ ಹೇಳಲಿಲ್ಲ, ಆಮೇಲೆಯೂ ಯಾರಿಗೂ ಹೇಳಲಿಲ್ಲ.