ಒಂದು ಚಮಚ ಹೆಪ್ಪು

ಊರಿನವರು ಚಮಚ ಚಮಚ ಕೊಟ್ಟು, ಮಣ್ಣು ಹೊತ್ತು ಕಟ್ಟಿದ ಮನೆಗೆ ಕೆಲವರು ಬೀಗ ಹಾಕಿದರು. ಆಮೇಲೆ ಒಳಗಿದ್ದುದನ್ನು ಆ ಊರಿನ ಮಕ್ಕಳಿಗೇ ಮಾರಿದರು. ಇದು ಕಳ್ಳತನ. ಯಾರಾದರೂ ಇದಕ್ಕೆ ಬೇರೆ ಹೆಸರು ಹೇಳಿದರೆ ನಂಬಬೇಡಿ.

ಊರಿನ ಹೆಸರು ಬೇಡ. ಅಲ್ಲಿಯ ಜನ ಹಾಲು ಮೊಸರಿನಿಂದ ಬದುಕುವವರು. ಹಿಂದೊಂದು ಬೇಸಿಗೆಯಲ್ಲಿ ಎಷ್ಟೋ ಮನೆಗಳ ಮೊಸರು ಕೆಟ್ಟು, ಮರುದಿನದ ಹಾಲಿಗೆ ಹಾಕಲು ಹೆಪ್ಪೇ ಇಲ್ಲದಂತಾಯಿತು. ಇನ್ನೆಂದೂ ಹೀಗಾಗಬಾರದೆಂದು ಹೆಂಗಸರು ಒಟ್ಟಾದರು. ಮೊಸರು ಉಳಿದಿದ್ದವರು ಒಂದೊಂದು ಚಮಚ ತಂದು ದೊಡ್ಡ ಗುಡಾಣಕ್ಕೆ ಸುರಿದರು. ಉಳಿಯದವರು ಗೋಡೆಗೆ ಮಣ್ಣು ಹೊತ್ತರು. ಹೀಗೆ ಹೆಪ್ಪಿನ ಮನೆ ಎದ್ದಿತು.

ಊರಿನ ಮಕ್ಕಳು ಅಲ್ಲಿಗೆ ಹೋಗಿ ಕಲಿಯುತ್ತಿದ್ದರು. ಹಾಲು ಎಷ್ಟು ಬೆಚ್ಚಗಿರಬೇಕು, ಚಳಿಗೆ ಮಡಕೆಗೆ ಏನು ಹೊದಿಸಬೇಕು, ಹುಳಿ ಏರುವ ಮೊದಲು ಹೇಗೆ ಗುರುತು ಹಿಡಿಯಬೇಕು, ಎಲ್ಲ ಕಲಿತು ಒಂದು ಚಮಚ ಹೆಪ್ಪಿನೊಂದಿಗೆ ಮನೆಗೆ ಬರುತ್ತಿದ್ದರು. ಇದಕ್ಕೆ ಯಾರೂ ಏನೂ ಕೊಡಬೇಕಿರಲಿಲ್ಲ. ಒಂದು ಚಮಚ ತೆಗೆದರೆ ಗುಡಾಣ ಬಡವಾಗುವುದಿಲ್ಲ. ಹಾಲು ಸುರಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿರುತ್ತದೆ.

ಹಾಗೆ ಪುಕ್ಕಟೆ ಕಲಿತವರಲ್ಲೇ ಒಬ್ಬನು ಬೆಳೆದು ಆ ಮನೆಯ ಯಜಮಾನನಾದ. ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂದು ಅವನು ಹೇಳತೊಡಗಿದ. ಮೊದಲು ಬಾಗಿಲಿಗೆ ಸಣ್ಣ ಶುಲ್ಕ ಬಂತು, ಆಮೇಲೆ ದೊಡ್ಡದು. ಕಲಿತವರ ಮಡಕೆಗೆ ಮುದ್ರೆ ಒತ್ತುವ ಪದ್ಧತಿ ಬಂತು. ಮುದ್ರೆಯಿಲ್ಲದ ಮಡಕೆಗೆ ಸಂತೆಯಲ್ಲಿ ಜಾಗವಿಲ್ಲವೆಂದಾಯಿತು. ಶುಲ್ಕ ಕೊಡಲಾರದವರಿಗೆ ಸಾಲ ಉಂಟು ಎಂದು ಯಜಮಾನ ದೊಡ್ಡ ಮನಸ್ಸು ಮಾಡಿದ. 'ಮನೆ ಹೆಪ್ಪು' ಎಂಬ ಮಾತು ಬೈಗುಳವಾಯಿತು. ಹೆಚ್ಚಿನ ಮನೆಗಳವರು ಹೆಪ್ಪಿಗೆಂದು ಮೊಸರು ಉಳಿಸಿಕೊಳ್ಳುವುದನ್ನೇ ಬಿಟ್ಟರು.

ಕೆಂಚಿ ಎಂಬ ಹುಡುಗಿ ಅಂಥ ಸಾಲದ ಮೇಲೆ ಕಲಿತಳು. ಮನೆಯಲ್ಲಿದ್ದುದು ತಾಯಿ ಮತ್ತು ಒಂದು ಎಮ್ಮೆ. ಎಮ್ಮೆಯೇ ಅಡವು. ಒಳಗೆ ಕಲಿಸಿದವರು ಒಳ್ಳೆಯವರಾಗಿದ್ದರು. ಅವಳ ಕೈ ಪಳಗಿತು, ಮೊಸರು ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತಿತ್ತು. ಅವಳು ದಿನವೂ ಆ ಮನೆಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆ ಕೃತಜ್ಞತೆ ಸುಳ್ಳಲ್ಲ. ಅವಳನ್ನು ಕಟ್ಟಿಹಾಕಿದ್ದ ಹಗ್ಗವೂ ಅದೇ.

ಸಾಲದ ಕಟ್ಟಳೆ ಹೀಗಿತ್ತು: ದಿನ ಬೆಳಿಗ್ಗೆ ಅರ್ಧ ಮಡಕೆ ಮೊಸರು, ಕೆನೆಯ ಸಮೇತ, ಹೆಪ್ಪಿನ ಮನೆಗೆ. ಉಳಿದರ್ಧ ಮಾರಿದರೆ ಹಿಂಡಿಗೆ, ಹುಲ್ಲಿಗೆ ಸರಿಹೋಗುತ್ತಿತ್ತು. ಮಡಕೆಯ ತಳ ಕೆರೆದರೂ ಸಂಜೆಗೆ ಹೆಪ್ಪು ಉಳಿಯುತ್ತಿರಲಿಲ್ಲ. ಹಾಗಾಗಿ ಸಂಜೆ ಮತ್ತೆ ಅದೇ ಬಾಗಿಲು, ಮತ್ತೊಂದು ಚಮಚ, ಅದರ ಮೇಲೂ ಸಾಲ. ಹೆಪ್ಪು ಹಾಕುವುದರಲ್ಲಿ ಊರಿಗೇ ಜಾಣೆಯಾದವಳ ಮನೆಯಲ್ಲಿ ಹೆಪ್ಪಿರಲಿಲ್ಲ.

ಒಂದು ದಿನ ಎಮ್ಮೆ ಹಾಲು ಕಡಿಮೆ ಕೊಟ್ಟಿತು, ಪಾಲು ತಪ್ಪಿತು. ಸಂಜೆ ಆ ಬಾಗಿಲಿನ ಕಾವಲುಗಾರ ಚಮಚ ಕೊಡಲಿಲ್ಲ. ನಾಳೆ ಬೆಳಿಗ್ಗೆಯೂ ಪಾಲು ಬರದಿದ್ದರೆ ಎಮ್ಮೆ ಹೆಪ್ಪಿನ ಮನೆಯದು ಎಂದ. "ನೀನೇ ಹಿಡ್ಕೊಂಡು ಬಂದ್ಬಿಡು. ನಮಗೂ ಅಷ್ಟು ದೂರ ನಡೆಯೋದು ತಪ್ತದೆ."

ಮನೆಯಲ್ಲಿ ಕಾಯಿಸಿದ ಹಾಲು ಆರುತ್ತಿತ್ತು. ಕೆಂಚಿ ಬಟ್ಟಲು ಹಿಡಿದು ಪಕ್ಕದ ಮನೆಯ ಬೋರಜ್ಜಿಯ ಬಾಗಿಲಿಗೆ ಹೋದಳು. ಮೊದಲ ಗುಡಾಣಕ್ಕೆ ಚಮಚ ಸುರಿದವರಲ್ಲಿ ಬದುಕಿದ್ದವಳು ಆ ಮುದುಕಿ ಒಬ್ಬಳೇ. ಯಾರು ಎಷ್ಟು ನಕ್ಕರೂ ಅವಳು ತನ್ನ ಮನೆಯ ಹೆಪ್ಪನ್ನು ಬಿಟ್ಟಿರಲಿಲ್ಲ.

"ಏನವ್ವ, ಮುದ್ರೆ ಮಡಕೆಯೋಳು ನಮ್ಮಂಥೋರ ಬಾಗ್ಲಿಗೆ?" ಎಂದಳು ಅಜ್ಜಿ.

ಕೆಂಚಿ ತಲೆ ತಗ್ಗಿಸಿ ಎಲ್ಲ ಹೇಳಿದಳು. ಆದರೆ ಅಜ್ಜಿಯ ಮನೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು ಹೊರಗೆ ಕೊಡಬಾರದು ಎಂಬುದು ಊರಿನ ನಡಾವಳಿ. ಕೇಳಿದ್ದೇ ತಪ್ಪಾಯಿತೆಂದು ಹುಡುಗಿ ಹಿಂದಿರುಗಲು ಹೊರಟಳು. ಬೋರಜ್ಜಿ ಸೆರಗು ಬೀಸಿ ದೀಪ ಆರಿಸಿದಳು.

"ಈಗ ನಮ್ಮನೇಲಿ ದೀಪ ಹಚ್ಚಿಲ್ಲ. ತಗೊ."

ಕತ್ತಲಲ್ಲೇ ಬಟ್ಟಲಿಗೆ ಚಮಚ ತಾಗಿದ ಸದ್ದಾಯಿತು. ಇದನ್ನು ಹೇಗೆ ತೀರಿಸಲಿ ಎಂದು ಕೆಂಚಿ ಕೇಳಿದಳು.

"ನಂಗ್ಯಾಕೆ ತೀರಿಸ್ತೀಯ? ನನ್ನ ಮಡಕೇಲಿ ಐತಲ್ಲ. ಇಲ್ದೋರು ಬಂದ್ರೆ ಕೊಡು."

ಮರುದಿನ ಕೆಂಚಿ ಪಾಲು ಕಟ್ಟಿದಳು, ಎಮ್ಮೆ ಉಳಿಯಿತು. ಅಂದು ಮೊದಲ ಸಲ ಮಾರುವ ಮುಂಚೆ ಒಂದು ಚಮಚ ತೆಗೆದಿಟ್ಟಳು. ಹಳೆಯ ಸಾಲ ಹಾಗೇ ಇತ್ತು, ಆದರೆ ಸಂಜೆಯ ಬಾಗಿಲು ತಪ್ಪಿತು. ಅಲ್ಲಿಂದ ಚಮಚ ಸಿಗದೆ ಮರಳುವವರು ಅವಳಲ್ಲಿಗೆ ಬರತೊಡಗಿದರು. ಯಾರು ಬಂದರೂ, ದೀಪ ಉರಿಯುತ್ತಿದ್ದರೆ ಆರಿಸಿ, ಕೊಟ್ಟು, ಮತ್ತೆ ಹಚ್ಚುತ್ತಿದ್ದಳು. ಪಡೆದವರೂ ಹಾಗೇ ಕೊಡತೊಡಗಿದರು. ಕೆಲವು ಸಂಜೆ ಆ ಬೀದಿಯ ದೀಪಗಳು ಹಬ್ಬದ ದಿನದಂತೆ ಆರಿ ಹತ್ತಿ ಆಡುತ್ತಿದ್ದವು. ಬೋರಜ್ಜಿ ಜಗುಲಿಯಲ್ಲಿ ಕುಳಿತು ನೋಡುತ್ತಾ ನಗುತ್ತಿದ್ದಳು. ಆ ಮಳೆಗಾಲದಲ್ಲಿ ಅವಳು ತೀರಿಕೊಂಡಾಗ ಬೀದಿಯ ಪ್ರತಿ ಮನೆಯಲ್ಲೂ ಅವಳ ಮೊಸರಿತ್ತು.

ಹೆಪ್ಪಿನ ಮನೆಯಲ್ಲಿ ಮಾತ್ರ ಬೇರೆಯದೇ ಆಯಿತು. ದರ ಇಳಿಯಬಾರದೆಂದು ಯಜಮಾನ ಗುಡಾಣಗಳನ್ನು ಮುಚ್ಚಿಟ್ಟಿದ್ದ. ಹಂಚದ ಮೊಸರು ಹುಳಿಯಾಯಿತು, ಹುಳಿ ನಾರಿತು, ನಾರಿದ್ದರಲ್ಲಿ ಹುಳು ಬಿತ್ತು. ದಿನದ ಪಾಲನ್ನೂ ಅದಕ್ಕೇ ಸುರಿದು ಕೆಡಿಸಿದರು. ಒಂದು ಸಂಜೆ ನೋಡಿದರೆ ಅಷ್ಟು ದೊಡ್ಡ ಮನೆಯಲ್ಲಿ ಒಂದು ಚಮಚ ಒಳ್ಳೆಯ ಹೆಪ್ಪಿಲ್ಲ. ದೀಪ ಹೊತ್ತಿಸುವ ಹೊತ್ತು ಕಳೆದ ಮೇಲೆ, ಬೆಳ್ಳಿ ಬಟ್ಟಲನ್ನು ಶಾಲಿನಡಿ ಬಚ್ಚಿಟ್ಟುಕೊಂಡು ಯಜಮಾನ ಕೆಂಚಿಯ ಬಾಗಿಲಿಗೆ ಬಂದ. "ಕೆಂಚವ್ವ" ಎಂದು ಕರೆದ. ಅವನ ಬಾಯಲ್ಲಿ ಅವ್ವ ಎಂಬ ಮಾತು ಅದೇ ಮೊದಲು.

ಕೊಡಬೇಡ ಎಂದಳು ತಾಯಿ. ಆ ಹೊಸ್ತಿಲು, ಕಲಿಸಿದವರ ಕೈಗಳು, ಮುಂದೆ ಅಲ್ಲಿ ಕಲಿಯಬೇಕಾದ ಮಕ್ಕಳು ಕೆಂಚಿಯ ಕಣ್ಣೆದುರು ಬಂದಿರಬೇಕು. ದೀಪ ಆರಿಸಿ ಕೊಟ್ಟಳು.

"ಬೆಲೆ?" ಎಂದ ಯಜಮಾನ.

"ಇಲ್ದೋರು ಬಂದ್ರೆ ಕೊಡಿ, ಸ್ವಾಮಿ."

ಬೆಳಗಾಗುವಷ್ಟರಲ್ಲಿ ಗುಡಾಣ ತುಂಬಿತು. ಹೊಸ ಹೆಪ್ಪು, ಹೊಸ ದರ ಎಂದು ಬಾಗಿಲಲ್ಲಿ ಸಾರಿದರು. ಹೆಪ್ಪಿನ ಮನೆಯ ಅಪ್ಪಣೆಯಿಲ್ಲದೆ ಹೆಪ್ಪು ಹಂಚಿದ ತಪ್ಪಿಗೆ ಕೆಂಚಿಯ ಎಮ್ಮೆಯನ್ನು ಹಿಡಿಯಬೇಕೆಂದು ಆಜ್ಞೆಯಾಯಿತು. ಅವಳು ಹಂಚಿದ್ದಕ್ಕೆ ಸಾಕ್ಷಿ ಯಾರೆಂದು ಕಾವಲುಗಾರ ಕೇಳಿದ. ಯಜಮಾನ ತನ್ನ ಬೆಳ್ಳಿ ಬಟ್ಟಲನ್ನು ಮುಂದಿಟ್ಟ.

ಈಗ ಕಾವಲುಗಾರ ಹಗ್ಗ ಹಿಡಿದು ಬೀದಿಗೆ ಬಂದಿದ್ದಾನೆ. ಕೆಂಚಿ ಎಮ್ಮೆಯ ಕೊರಳನ್ನು ತಬ್ಬಿ ನಿಂತಿದ್ದಾಳೆ. ಅವಳ ಚಮಚದಿಂದ ಮೊಸರು ಕಂಡವರಲ್ಲಿ ಕೆಲವರು ಹೊರಗೆ ಬಂದು ಅವಳ ಪಕ್ಕ ನಿಂತಿದ್ದಾರೆ. ಉಳಿದವರು ಕಿಟಕಿಯಿಂದ ನೋಡುತ್ತಿದ್ದಾರೆ, ಅವಳು ಒಳ್ಳೆಯವಳು, ಅವಳ ಉಪಕಾರ ಮರೆಯುವಂಥದ್ದಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಾರೆ.

ನೀವೂ ಯಾರದೋ ಚಮಚದಿಂದ ಕಲಿತವರು. ಕಿಟಕಿಯಲ್ಲಿ ನಿಂತು ಕೈ ಮುಗಿಯಬೇಡಿ. ಇಳಿದು ಬನ್ನಿ, ಕೆಂಚಿಯ ಪಕ್ಕ ನಿಂತು ಆ ಹಗ್ಗದ ಈ ತುದಿ ಹಿಡಿಯಿರಿ.